ನೀರಿಗೆ ಒಡೆಯರು ಯಾರು?

ಪ್ರಶ್ನೆ: ಹೊನ್ನಾಳಿಯ ತುಂಗಭದ್ರೆ ಎಲ್ಲರದು ಅನ್ನುತ್ತಾರೆ. ಜಗಳೂರಿನಲ್ಲಿ ಪಕ್ಕದ ಹೊಲದವರ ಬೋರ್‌ವೆಲ್‌ನಿಂದ ನಮ್ಮದು ಬತ್ತಿದರೆ ಕೇಳುವವರಿಲ್ಲ. ಏಕೆ ಈ ಭೇದ?

ಉತ್ತರ: ಭೇದ ಬಹಳ ಹಳೆಯದು. ಕ್ರಿ.ಶ. 533ರಲ್ಲಿ ಜಸ್ಟಿನಿಯನ್ ಚಕ್ರವರ್ತಿ ಹೊರಡಿಸಿದ ರೋಮನ್ ಕಾನೂನಿನ ಪಠ್ಯ ಗಾಳಿ, ಹರಿಯುವ ನೀರು, ಕಡಲು ಎಲ್ಲರಿಗೂ ಸೇರಿದ್ದು ಎಂದಿತು. ಆ ತತ್ವವನ್ನೇ ನೆನೆದು 1996ರಲ್ಲಿ ನಮ್ಮ ಸುಪ್ರೀಂ ಕೋರ್ಟ್, ನದಿಗೆ ಸರ್ಕಾರ ಜನರ ಪರವಾದ ಟ್ರಸ್ಟಿ ಮಾತ್ರ ಎಂದಿತು.

ನೆಲದಡಿಯ ನೀರಿನ ಕಥೆಯೇ ಬೇರೆ. ತನ್ನ ಜಮೀನಿನಲ್ಲಿ ತೋಡಿದವನಿಂದ ನೆರೆಯವನ ಸೆಲೆ ಬತ್ತಿದರೂ, ಕೇಡು ಬಗೆದಿರದಿದ್ದರೆ ರೋಮನ್ನರು ಅವನನ್ನು ತಪ್ಪಿತಸ್ಥನೆನ್ನಲಿಲ್ಲ. ನಮ್ಮ 1882ರ ಈಸ್‌ಮೆಂಟ್ ಕಾಯ್ದೆಯ ದಾರಿಯೂ ಹೆಚ್ಚುಕಡಿಮೆ ಅದೇ. ಕೈಯಲ್ಲಿ ತೋಡಿದ ಬಾವಿಯ ನಿಯಮವನ್ನು ನೂರಾರು ಅಡಿ ಇಳಿಯುವ ಬೋರ್‌ವೆಲ್‌ಗೆ ಹಚ್ಚುವುದು ಅನ್ಯಾಯ. 2011ರ ಕರ್ನಾಟಕ ಅಂತರ್ಜಲ ಕಾಯ್ದೆಯಡಿ ಅಧಿಸೂಚಿತ ಪ್ರದೇಶಗಳಲ್ಲಿ ಕೊರೆಯಲು ಅನುಮತಿ ಬೇಕು. ನಿಮ್ಮ ನೆರೆಯವರು ಪಡೆದಿದ್ದಾರೆಯೇ, ಅಂತರ್ಜಲ ಕಚೇರಿಯಲ್ಲಿ ವಿಚಾರಿಸಿ.