ಆಲೂಗೆಡ್ಡೆಯ ಕರಿದ ಸೀಳುಗಳೂ ಅವುಗಳ ಮೇಲಣ ವ್ಯಂಜನಗಳೂ

ಕೃಷ್ಣರಾಜಪೇಟೆ ತಾಲ್ಲೂಕಿನ ಹೇಮಗಿರಿಯಲ್ಲಿ ಹೇಮಾವತೀ ನದಿಯ ತೀರದಲ್ಲಿ ಪ್ರತಿವರ್ಷವೂ ಸೇರುವ ದನಗಳ ಜಾತ್ರೆಗೆ ಸುತ್ತಣ ತಾಲ್ಲೂಕುಗಳ ರೈತರು ತಮ್ಮ ಹಳ್ಳಿಕಾರ್ ಎತ್ತುಗಳನ್ನು ಹಿಡಿದು ಬರುವುದು ವಾಚಕರೆಲ್ಲರಿಗೂ ತಿಳಿದ ವಿಷಯವೇ ಆಗಿದೆ. ನಮ್ಮ ಸೀಮೆಯ ಜಾತ್ರೆ ಸಂತೆಗಳಲ್ಲಿ ಪುರಿ, ಖಾರ, ಬತ್ತಾಸು, ಬೋಂಡಗಳ ಅಂಗಡಿಸಾಲಿನ ಪಕ್ಕದಲ್ಲಿ, ಆಲೂಗೆಡ್ಡೆಯನ್ನು ಉದ್ದುದ್ದವಾಗಿ ಸೀಳಿ ಕರಿದು ಕಾಗದದ ಲೋಟಗಳಲ್ಲಿ ಮಾರುವ ಗಾಡಿಗಳೂ ಈಚೆಗೆ ಕಾಣಬರುತ್ತಿವೆ. ಈ ಸೀಳುಗಳಿಗೆ ಫ್ರೆಂಚ್ ಫ್ರೈಸ್ ಎಂದು ಹೆಸರು. ಬರ್ಗರ್ ಎಂಬ ತಿಂಡಿಯಲ್ಲಿ ಎರಡು ಬನ್ನುಗಳ ನಡುವೆ ಇಡತಕ್ಕ ಕೈಮಾ ಅಥವಾ ಕಾಳಿನ ವಡೆ, ಈರುಳ್ಳಿ, ಟೊಮೇಟೊ, ಸೌತೆಕಾಯಿ, ಚೀಸ್ ಇವುಗಳನ್ನು ಬನ್ನಿನ ಬದಲು ಈ ಸೀಳುಗಳ ಮೇಲೆಯೇ ಹರಡಿ ಕೊಟ್ಟರೆ ಅದನ್ನು ಲೋಡೆಡ್ ಫ್ರೈಸ್ ಎನ್ನುವರು.

ಒಂದು ಜಾತ್ರೆಯಲ್ಲಿ ವಯಸ್ಸಾದ ರೈತರೊಬ್ಬರು ತಮ್ಮ ಮೊಮ್ಮಗನಿಗೆ ಇಂತಹ ಒಂದು ಲೋಟವನ್ನು ಕೊಡಿಸುತ್ತಿದ್ದುದನ್ನು ಈ ಲೇಖಕನು ಕಂಡನು. ಅವರು ಆ ಹಂಗಾಮಿನಲ್ಲಿ ತಮ್ಮ ಗೆಡ್ಡೆಯನ್ನು ಕಿಲೋ ಒಂದಕ್ಕೆ ಮಾರಿದ್ದ ಬೆಲೆಯ ಎರಡರಷ್ಟಕ್ಕಿಂತಲೂ ಹೆಚ್ಚು ಹಣವನ್ನು ಆ ಒಂದು ಲೋಟಕ್ಕೆ ತೆತ್ತಿದ್ದರು. "ಸ್ವಾಮೀ, ಇದು ನಮ್ಮ ಹೊಲದ ಗೆಡ್ಡೆಯೇ ಅಲ್ಲವೆ? ಮನೆಯಲ್ಲಿ ಸೊಸೆ ಎರಡು ಸಾರಿ ಮಾಡಿದಳು. ಒಂದು ಸಾರಿ ಮೆತ್ತಗಾಯಿತು, ಇನ್ನೊಂದು ಸಾರಿ ಒಳಗೆ ಬೇಯುವುದಕ್ಕೆ ಮೊದಲೇ ಕಪ್ಪಾಯಿತು. ಅವಳ ಕೈಯಲ್ಲಿ ಏನು ತಪ್ಪಿದೆ?" ಎಂದು ಅವರು ಕೇಳಿದರು. ತಪ್ಪು ಸೊಸೆಯ ಕೈಯಲ್ಲಿ ಇರಲಿಲ್ಲ. ಕರಿದ ಸೀಳಿನ ಗುಣವು ಬಾಣಲೆಯಲ್ಲಿ ಸ್ವಲ್ಪ ಮಾತ್ರವೂ, ಹೊಲದಲ್ಲಿಯೂ ಉಗ್ರಾಣದಲ್ಲಿಯೂ ಬಹುಭಾಗವೂ ನಿರ್ಧಾರವಾಗುತ್ತದೆ. ಇದನ್ನು ವಿವರಿಸುವುದೇ ಪ್ರಕೃತ ಲೇಖನದ ಉದ್ದೇಶವು.

ಗೆಡ್ಡೆಯ ಗುಣ

ಆಲೂಗೆಡ್ಡೆಯಲ್ಲಿ ಸುಮಾರು ಐದರಲ್ಲಿ ನಾಲ್ಕು ಪಾಲು ನೀರೇ ಇರುತ್ತದೆ. ಉಳಿದ ಒಣ ಪದಾರ್ಥದಲ್ಲಿ ಬಹುಪಾಲು ಪಿಷ್ಟವು. ಕರಿಯುವಾಗ ನೀರು ಆವಿಯಾಗಿ ಹೊರಟು ಆ ಸ್ಥಳಕ್ಕೆ ಎಣ್ಣೆಯು ಸೇರುವುದು. ಆದಕಾರಣ ನೀರು ಹೆಚ್ಚಾಗಿರುವ ಗೆಡ್ಡೆಯು ಎಣ್ಣೆಯನ್ನು ಹೆಚ್ಚಾಗಿ ಕುಡಿದು, ಗರಿಗರಿಯಾಗದೆ ಮೆತ್ತಗೆ ಬಾಗುತ್ತದೆ. ಕರಿಯುವುದಕ್ಕೆ ಒಣ ಪದಾರ್ಥವು ನೂರಕ್ಕೆ 20 ಅಥವಾ ಅದಕ್ಕಿಂತ ಹೆಚ್ಚಾಗಿರುವ ಗೆಡ್ಡೆಯೇ ಉತ್ತಮ.

ನೆರೆಯ ಹಾಸನ ಜಿಲ್ಲೆಯಲ್ಲಿ ಈ ಬೆಳೆಯನ್ನು ಮುಖ್ಯವಾಗಿ ಮುಂಗಾರಿನಲ್ಲಿ, ಪಂಜಾಬಿನ ಜಲಂಧರದ ಕಡೆಯಿಂದ ಬರುವ ಬಿತ್ತನೆ ಗೆಡ್ಡೆಯಿಂದ ಬೆಳೆಯುತ್ತಾರೆ. ಅಲ್ಲಿ ಬಹುಕಾಲದಿಂದ ಪ್ರಚಾರದಲ್ಲಿರುವ ಕುಫ್ರಿ ಜ್ಯೋತಿ ಎಂಬ ತಳಿಯು 1968ರಲ್ಲಿ ಬಿಡುಗಡೆಯಾದದ್ದು. ಇದು ಸಾರು ಪಲ್ಯಗಳಿಗೆ ಯೋಗ್ಯವಾದ ತಳಿಯೇ ಹೊರತು ಕರಿಯುವುದಕ್ಕೆಂದು ಸಿದ್ಧಪಡಿಸಿದ್ದಲ್ಲ. ಅಲ್ಲದೆ ಅಂಗಮಾರಿ ರೋಗದ ಭಯದಿಂದಲೂ, ಪೇಟೆಯ ಧಾರಣೆಯ ಆಸೆಯಿಂದಲೂ ಅನೇಕರು ಬಲಿಯುವುದಕ್ಕೆ ಮೊದಲೇ ಮಳೆಯ ತೇವದಲ್ಲಿ ಗೆಡ್ಡೆಯನ್ನು ಅಗೆಯುವರು. ಅಂತಹ ಎಳೆಯ ಗೆಡ್ಡೆಯಲ್ಲಿ ಪಿಷ್ಟವು ಕಡಮೆ, ಸಕ್ಕರೆಯ ಅಂಶವು ಹೆಚ್ಚು. ಮೇಲೆ ಹೇಳಿದ ಸೊಸೆಯ ಮೊದಲನೆಯ ಸಲದ ಸೀಳುಗಳು ಮೆತ್ತಗಾದುದಕ್ಕೆ ಇದೇ ಕಾರಣವೆಂದು ವಿಚಾರಿಸಿದಾಗ ತಿಳಿಯಿತು.

ಕೇಂದ್ರ ಆಲೂಗೆಡ್ಡೆ ಸಂಶೋಧನಾ ಸಂಸ್ಥೆಯು 1949ರಲ್ಲಿ ಪಾಟ್ನಾದಲ್ಲಿ ಸ್ಥಾಪಿತವಾಗಿ, ತರುವಾಯ ಶಿಮ್ಲಾಕ್ಕೆ ವರ್ಗವಾಯಿತು. ಈ ಸಂಸ್ಥೆಯು 1998ರಲ್ಲಿ ಕುಫ್ರಿ ಚಿಪ್ಸೋನಾ-1 ಎಂಬ ತಳಿಯನ್ನೂ, 2009ರಲ್ಲಿ ಉದ್ದ ಸೀಳುಗಳಿಗೆಂದೇ ಕುಫ್ರಿ ಫ್ರೈಸೋನಾ ಎಂಬ ತಳಿಯನ್ನೂ ಹೊರತಂದಿತು. ಗುಜರಾತಿನ ಬನಾಸಕಾಂಠಾ ಜಿಲ್ಲೆಯ ರೈತರು ಕಾರ್ಖಾನೆಗಳೊಡನೆ ಮುಂಗಡ ಕರಾರು ಮಾಡಿಕೊಂಡು ಕರಿಯುವ ತಳಿಗಳನ್ನು ವಿಸ್ತಾರವಾಗಿ ಬೆಳೆಯುತ್ತಿದ್ದಾರೆ. ನಮ್ಮಲ್ಲಿ ಭೂಮಾಲಿಕರು ಯಾವ ಹೊಸ ತಳಿಯನ್ನಾದರೂ ಮೊದಲು ಕೆಲವು ಗುಂಟೆಗಳಲ್ಲಿ ಪರೀಕ್ಷಿಸಿ, ಕೊಳ್ಳುವವರನ್ನು ಗೊತ್ತುಮಾಡಿಕೊಂಡ ಮೇಲೆಯೇ ವಿಸ್ತರಿಸತಕ್ಕದ್ದು. ಯಾವ ತಳಿಯೇ ಆಗಲಿ, ಬಳ್ಳಿ ಒಣಗಿದ ಮೇಲೆ ಹತ್ತು ಹದಿನೈದು ದಿವಸ ಭೂಮಿಯಲ್ಲಿಯೇ ಬಿಟ್ಟು ಸಿಪ್ಪೆ ಗಟ್ಟಿಯಾದ ತರುವಾಯ ಅಗೆಯುವುದು ಲೇಸು.

ಉಪ್ಪುನೀರಿನ ಪರೀಕ್ಷೆ

ತಳಿಯ ಹೆಸರು ತಿಳಿಯದಿದ್ದರೂ ಗೆಡ್ಡೆಯ ಗುಣವನ್ನು ಮನೆಯಲ್ಲಿಯೇ ಅರಿಯಬಹುದು. ಒಂದು ಲೀಟರು ನೀರಿಗೆ 120 ಗ್ರಾಂ ಉಪ್ಪಿನಂತೆ ಒಂದು ಬಕೀಟಿನಲ್ಲಿ ಕರಗಿಸಿ, ತೊಳೆದ ಗೆಡ್ಡೆಗಳನ್ನು ಅದರಲ್ಲಿ ಬಿಡಬೇಕು. ಮುಳುಗುವ ಗೆಡ್ಡೆಗಳಲ್ಲಿ ಒಣ ಪದಾರ್ಥವು ಸುಮಾರು ನೂರಕ್ಕೆ 20ರ ಮೇಲಿರುವುದು. ಇವನ್ನು ಕರಿಯಬಹುದು. ತೇಲುವುವನ್ನು ಸಾರಿಗೂ ಪಲ್ಯಕ್ಕೂ ತೆಗೆದಿಡಬೇಕು. ಇದು ಬಿತ್ತನೆಯ ಭತ್ತವನ್ನು ಉಪ್ಪುನೀರಿನಲ್ಲಿ ಬಿಟ್ಟು ಜಳ್ಳನ್ನು ಬೇರ್ಪಡಿಸುವ ಪದ್ಧತಿಯಂತೆಯೇ ಇರುವುದರಿಂದ ನಮ್ಮ ರೈತರಿಗೆ ಹೊಸದೇನೂ ಅಲ್ಲ.

ಶೇಖರಣೆ

ಸೊಸೆಯ ಎರಡನೆಯ ಸಲದ ಗೆಡ್ಡೆಗಳು ಶೀತಲಗೃಹದಿಂದ ಬಂದವುಗಳು. 2ರಿಂದ 4 ಡಿಗ್ರಿ ಸೆಂಟಿಗ್ರೇಡಿನ ಚಳಿಯಲ್ಲಿ ಗೆಡ್ಡೆಯು ಮೊಳೆಯುವುದಿಲ್ಲವೆಂಬುದು ನಿಜ. ಆದರೆ ಅದರ ಪಿಷ್ಟದ ಒಂದು ಭಾಗವು ಸಕ್ಕರೆಯಾಗಿ ಮಾರ್ಪಡುತ್ತದೆ. ಆ ಸಕ್ಕರೆಯು ಬಿಸಿ ಎಣ್ಣೆಯಲ್ಲಿ ಬೇಗನೆ ಕಂದಿ, ಒಳಭಾಗ ಬೇಯುವ ಮೊದಲೇ ಹೊರಭಾಗ ಕಪ್ಪಾಗಿ ಕಹಿಯಾಗುವುದು. ಮನೆಯ ರೆಫ್ರಿಜರೇಟರಿನಲ್ಲಿ ಇಟ್ಟರೂ ಫಲವು ಇದೇ. ಅಂತಹ ಗೆಡ್ಡೆಯನ್ನು ಎರಡು ಮೂರು ವಾರ ಸಾಧಾರಣ ಹವೆಯಲ್ಲಿ ಕತ್ತಲೆಯ ಕೋಣೆಯಲ್ಲಿ ಹರಡಿದರೆ ದೋಷವು ಕೊಂಚಮಟ್ಟಿಗೆ ಇಳಿಯುವುದು.

ಇದು ಕೇವಲ ಬಣ್ಣ ರುಚಿಗಳ ಮಾತಲ್ಲ. ಪಿಷ್ಟವುಳ್ಳ ಪದಾರ್ಥಗಳನ್ನು ಹೆಚ್ಚು ಶಾಖದಲ್ಲಿ ಕರಿದಾಗ ಅಕ್ರಿಲಮೈಡ್ ಎಂಬ ಹಾನಿಕರವಾದ ವಸ್ತುವು ಉತ್ಪತ್ತಿಯಾಗುವುದೆಂದು 2002ರಲ್ಲಿ ಸ್ವೀಡನ್ ದೇಶದ ಶಾಸ್ತ್ರಜ್ಞರು ಪ್ರಕಟಿಸಿದರು. ಗೆಡ್ಡೆಯಲ್ಲಿ ಸಕ್ಕರೆ ಹೆಚ್ಚಿದಷ್ಟೂ, ಕರಿದ ಬಣ್ಣ ಕಂದಿದಷ್ಟೂ ಇದು ಹೆಚ್ಚುವುದು. ಆದ್ದರಿಂದ ಹೊಂಬಣ್ಣ ಬಂದ ಕೂಡಲೇ ಎಣ್ಣೆಯಿಂದ ತೆಗೆಯತಕ್ಕದ್ದು, ಕಂದುಬಣ್ಣಕ್ಕೆ ಕಾಯಬಾರದು.

ಗೆಡ್ಡೆಗಳನ್ನು ಗಾಳಿಯಾಡುವ, ತಂಪಾದ, ಬೆಳಕು ಬೀಳದ ಸ್ಥಳದಲ್ಲಿ ಇಡಬೇಕು. ಈರುಳ್ಳಿಯೊಡನೆ ಒಂದೇ ಗುಡ್ಡೆಯಲ್ಲಿ ಇಡಬಾರದು. ಬೆಳಕು ಬಿದ್ದ ಗೆಡ್ಡೆಯು ಹಸಿರಾಗುವುದು. ಹಸಿರು ಬಣ್ಣವು ತಾನೇ ವಿಷವಲ್ಲದಿದ್ದರೂ, ಅದರ ಜೊತೆಯಲ್ಲಿ ಸೊಲನೈನ್ ಮೊದಲಾದ ವಿಷವಸ್ತುಗಳು ಬೆಳೆದಿರುವುದರ ಗುರುತಾಗಿದೆ. ಇವು ಬೇಯಿಸುವುದರಿಂದ ಹೋಗುವುದಿಲ್ಲ. ಕರಿಯುವುದರಿಂದಲೂ ಪೂರ್ತಿಯಾಗಿ ಹೋಗುವುದಿಲ್ಲ. ಸ್ವಲ್ಪ ಹಸಿರಾಗಿದ್ದರೆ ಆ ಭಾಗವನ್ನೂ ಮೊಳಕೆಯ ಕಣ್ಣುಗಳನ್ನೂ ಆಳವಾಗಿ ಕೊಯ್ದು ತೆಗೆಯಬೇಕು. ಬಹಳ ಹಸಿರಾದ ಅಥವಾ ಕಹಿಯಾದ ಗೆಡ್ಡೆಯನ್ನು ಮಕ್ಕಳಿಗೆ ಖಂಡಿತವಾಗಿಯೂ ಕೊಡಕೂಡದು, ದನಕ್ಕೂ ಹಾಕಬಾರದು.

ಕರಿಯುವ ಕ್ರಮ

ಒಂದು ಕಿಲೋ ಗೆಡ್ಡೆಯಿಂದ ಸುಮಾರು ಅರ್ಧ ಕಿಲೋ ಕರಿದ ಸೀಳುಗಳು ದೊರೆಯುತ್ತವೆ. ಐದಾರು ಜನರಿಗೆ ಇದು ಸಾಕು.

1. ಗೆಡ್ಡೆಯ ಸಿಪ್ಪೆ ತೆಗೆದು, ಒಂದು ಸೆಂಟಿಮೀಟರು ದಪ್ಪಕ್ಕೆ ಉದ್ದವಾಗಿ, ಎಲ್ಲವೂ ಒಂದೇ ಸಮನಾಗಿ ಇರುವಂತೆ ಸೀಳಬೇಕು.

2. ಸೀಳುಗಳನ್ನು ತಣ್ಣೀರಿನಲ್ಲಿ ಅರ್ಧ ಗಂಟೆ ನೆನೆಯಿಟ್ಟು, ನೀರನ್ನು ಎರಡು ಸಲ ಬದಲಾಯಿಸಬೇಕು. ಹೊರಗಣ ಪಿಷ್ಟವೂ ಸಕ್ಕರೆಯೂ ತೊಳೆದುಹೋಗುವುವು.

3. ತರುವಾಯ ಕುದಿಯದಿರುವ, ಆದರೆ ಕೈಯಿಡಲಾರದಷ್ಟು ಬಿಸಿಯಾದ ನೀರಿನಲ್ಲಿ ಐದು ನಿಮಿಷ ಬಿಟ್ಟು ಬಸಿದು, ಶುಭ್ರವಾದ ಬಟ್ಟೆಯ ಮೇಲೆ ಹರಡಿ ಚೆನ್ನಾಗಿ ಆರಿಸಬೇಕು. ತೇವವಿದ್ದರೆ ಎಣ್ಣೆ ಸಿಡಿಯುವುದು.

4. ಮೊದಲನೆಯ ಕರಿತ: ಎಣ್ಣೆಯ ಶಾಖವು ಸುಮಾರು 150 ಡಿಗ್ರಿ ಇರಬೇಕು. ಒಂದು ಸೀಳನ್ನು ಬಿಟ್ಟಾಗ ಗುಳ್ಳೆಗಳು ನಿಧಾನವಾಗಿ ಏಳುವುದೇ ಇದರ ಗುರುತು. ನಾಲ್ಕೈದು ನಿಮಿಷ ಬೇಯಿಸಿ, ಬಣ್ಣ ಬರುವುದಕ್ಕೆ ಮೊದಲೇ ತೆಗೆದು ಹರಡಿ ತಣ್ಣಗಾಗಿಸಬೇಕು. ಒಳಭಾಗವು ಬೇಯುವುದು ಈ ಹಂತದಲ್ಲಿಯೇ.

5. ಎರಡನೆಯ ಕರಿತ: ಸುಮಾರು 175 ಡಿಗ್ರಿ. ಸೀಳು ಬಿದ್ದ ಕೂಡಲೇ ಗುಳ್ಳೆಗಳು ಬಿರುಸಾಗಿ ಏಳುವುವು. ಎರಡು ಮೂರು ನಿಮಿಷಗಳಲ್ಲಿ ಹೊರಮೈ ಗರಿಗರಿಯಾಗಿ ಹೊಂಬಣ್ಣ ಬರುವುದು. ಆಗ ತೆಗೆದು ಎಣ್ಣೆ ಬಸಿದು ಉಪ್ಪನ್ನು ಉದುರಿಸಬೇಕು.

ಒಂದೇ ಸಲಕ್ಕೆ ಬಾಣಲೆಯನ್ನು ತುಂಬಿದರೆ ಶಾಖವು ಇಳಿದು ಸೀಳುಗಳು ಎಣ್ಣೆಯನ್ನು ಕುಡಿಯುವುವು. ಆದಕಾರಣ ಸ್ವಲ್ಪ ಸ್ವಲ್ಪವಾಗಿಯೇ ಕರಿಯತಕ್ಕದ್ದು. ಎಣ್ಣೆಗೆ ಬೆಂಕಿ ಹತ್ತಿದರೆ ಎಂದಿಗೂ ನೀರು ಹಾಕಬಾರದು. ಒಲೆಯನ್ನು ಆರಿಸಿ ತಟ್ಟೆಯನ್ನು ಮುಚ್ಚಬೇಕು.

ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸುವುದು ದೊಡ್ಡ ದೋಷವು. ಕರಿಯುವ ಎಣ್ಣೆಯಲ್ಲಿ ಕೆಟ್ಟ ಅಂಶಗಳ ಪ್ರಮಾಣವು ನೂರಕ್ಕೆ 25ನ್ನು ಮೀರಕೂಡದೆಂಬ ನಿಯಮವು ನಮ್ಮ ದೇಶದಲ್ಲಿ 2018ನೆಯ ಜುಲೈ 1ರಿಂದ ಜಾರಿಗೆ ಬಂದಿದೆ. ಮನೆಯಲ್ಲಿ ಅಳೆಯುವ ಯಂತ್ರವಿಲ್ಲದಿದ್ದರೂ ಎಣ್ಣೆಯು ಕಪ್ಪಾಗುವುದು, ಅಂಟಾಗುವುದು, ನೊರೆಗಟ್ಟುವುದು, ಬೇಗನೆ ಹೊಗೆಯಾಡುವುದು ಇವು ಕೆಟ್ಟುದರ ಲಕ್ಷಣಗಳು. ಅಂತಹ ಎಣ್ಣೆಯನ್ನು ಹೊಸ ಎಣ್ಣೆಯೊಡನೆ ಬೆರಸಬಾರದು. ನಾಲೆಗೂ ಚರಂಡಿಗೂ ಸುರಿಯಬಾರದು.

ಮೇಲಣ ವ್ಯಂಜನಗಳು

ಪೇಟೆಯ ಸೀಸೆಗಳ ಮೊರೆಹೋಗದೆ ನಮ್ಮ ಹೊಲ ಹಟ್ಟಿಗಳ ಪದಾರ್ಥಗಳಿಂದಲೇ ಇವನ್ನು ಮಾಡಬಹುದು. ಹೇಮಗಿರಿಯ ಜಾತ್ರೆಯ ಕಾಲವು ಅವರೆಕಾಯಿಯ ಸುಗ್ಗಿಯಾದುದರಿಂದ ಹಿದುಕಿದ ಅವರೆಬೇಳೆಯೇ ಶ್ರೇಷ್ಠವಾದ ವ್ಯಂಜನವು.

ಅವರೆಬೇಳೆಯ ಪುಡಿವಡೆ: ಕಾಲು ಕಿಲೋ ಹಿದುಕಿದ ಬೇಳೆಯನ್ನು ಮುಕ್ಕಾಲು ಪಾಲು ಬೇಯಿಸಿ ಬಸಿದು ಒರಟಾಗಿ ಜಜ್ಜಬೇಕು. ಎರಡು ಚಮಚ ಎಣ್ಣೆಯಲ್ಲಿ ಸಣ್ಣಗೆ ಹೆಚ್ಚಿದ ಎರಡು ಈರುಳ್ಳಿ, ಜಜ್ಜಿದ ಶುಂಠಿ ಬೆಳ್ಳುಳ್ಳಿಗಳನ್ನು ಬಾಡಿಸಿ, ಕೊತ್ತಂಬರಿ ಪುಡಿ, ಮೆಣಸಿನ ಪುಡಿ, ಉಪ್ಪು, ಎರಡು ಚಮಚ ಹುರಿಗಡಲೆ ಹಿಟ್ಟು ಇವುಗಳೊಡನೆ ಬೇಳೆಯನ್ನು ಸೇರಿಸಿ, ಉದುರುದುರಾಗಿ ಅಲ್ಲಲ್ಲಿ ಕೆಂಪಾಗುವವರೆಗೆ ಹುರಿಯಬೇಕು. ಅವರೆಯ ಕಾಲವಲ್ಲದಾಗ ನೆನೆಯಿಟ್ಟು ಬೇಯಿಸಿದ ಅಲಸಂದೆ ಅಥವಾ ಕಡಲೆಕಾಳು ಆಗಬಹುದು. ಮಾಂಸಾಹಾರಿಗಳು ಕಾಲು ಕಿಲೋ ಕೈಮಾವನ್ನು ಇದೇ ಮಸಾಲೆಯಲ್ಲಿ ನೀರು ಪೂರ್ತಿಯಾಗಿ ಇಂಗಿ ಕೆಂಬಣ್ಣ ಹೋಗುವವರೆಗೆ ಬೇಯಿಸಿಕೊಳ್ಳಬಹುದು.

ಕಟ್ಟುಮೊಸರು: ಅರ್ಧ ಲೀಟರು ಗಟ್ಟಿಮೊಸರನ್ನು ಬಟ್ಟೆಯಲ್ಲಿ ಎರಡು ಮೂರು ಗಂಟೆ ತೂಗುಹಾಕಿ, ಅರ್ಧ ಚಮಚ ಸಾಸಿವೆ ಪುಡಿ, ಒಂದು ಎಸಳು ಜಜ್ಜಿದ ಬೆಳ್ಳುಳ್ಳಿ, ಉಪ್ಪು, ಚಿಟಿಕೆ ಬೆಲ್ಲ ಸೇರಿಸಿ ಕಡೆಯಬೇಕು. ಅಂಗಡಿಗಳಲ್ಲಿ ಬಳಸುವ ಮಯೊನೈಸ್ ಎಂಬುದನ್ನು ಹಸಿಮೊಟ್ಟೆಯಿಂದ ಮಾಡಿದ್ದಾದರೆ ನಮ್ಮ ಬಿಸಿಲಿನಲ್ಲಿ ಅದು ಬೇಗನೆ ಕೆಡುವುದು; ಅದಕ್ಕೆ ಬದಲಾಗಿ ಈ ಮೊಸರು ಸಾಕು.

ಹಸಿ ತರಕಾರಿ: ಬೀಜ ತೆಗೆದ ಟೊಮೇಟೊ, ಈರುಳ್ಳಿ, ಮತ್ತು ನಿಂಬೆರಸ ಉಪ್ಪುಗಳಲ್ಲಿ ಅರ್ಧ ಗಂಟೆ ನೆನೆಸಿ ಹಿಂಡಿದ ಸೌತೆಕಾಯಿಯ ಬಿಲ್ಲೆಗಳು. ಇವುಗಳ ಜೊತೆಗೆ, ಬೇಕಾದವರು 50 ಗ್ರಾಂ ತುರಿದ ಚೀಸನ್ನು ಇಟ್ಟುಕೊಳ್ಳಬಹುದು. ಪನ್ನೀರು ಶಾಖಕ್ಕೆ ಕರಗುವುದಿಲ್ಲವಾದರೂ ತುರಿದು ಉದುರಿಸಬಹುದು.

ಜೋಡಿಸುವ ಕ್ರಮವು ಮುಖ್ಯವಾದುದು. ಬಿಸಿ ಸೀಳುಗಳನ್ನು ಅಗಲವಾದ ತಟ್ಟೆಯಲ್ಲಿ ತೆಳುವಾಗಿ ಹರಡಿ, ಅವುಗಳ ಮೇಲೆ ಬಿಸಿಯಾದ ಅವರೆಬೇಳೆ ಅಥವಾ ಕೈಮಾ, ಅದರ ಮೇಲೆ ಚೀಸ್ ಹಾಕಿ ಒಂದು ನಿಮಿಷ ಮುಚ್ಚಬೇಕು. ಚೀಸ್ ಕರಗಿದ ಮೇಲೆ ತರಕಾರಿಯನ್ನೂ, ಕಡೆಯಲ್ಲಿ ಮೊಸರನ್ನೂ ಅಲ್ಲಲ್ಲಿ ಹಾಕಬೇಕು. ತೇವವುಳ್ಳ ಪದಾರ್ಥಗಳನ್ನು ಮೊದಲೇ ಸುರಿದರೆ ಎರಡು ಸಲ ಕರಿದ ಶ್ರಮವೆಲ್ಲ ವ್ಯರ್ಥವಾಗುವುದು. ಹತ್ತು ನಿಮಿಷಗಳೊಳಗೆ ತಿಂದು ಮುಗಿಸಬೇಕು.

ಇದು ದಿನನಿತ್ಯದ ಆಹಾರವಲ್ಲ. ಮುದ್ದೆ, ಸೊಪ್ಪು, ಕಾಳುಗಳ ಸ್ಥಾನವನ್ನು ಇದು ಆಕ್ರಮಿಸಕೂಡದು. ಸಿಹಿಮೂತ್ರ ಮತ್ತು ರಕ್ತದೊತ್ತಡವುಳ್ಳವರು ಮಿತಿಯಲ್ಲಿರಬೇಕು. ಆದರೆ ಮಕ್ಕಳು ಹೇಗಾದರೂ ಬೇಡುವ ತಿಂಡಿಯನ್ನು ಕರಿಎಣ್ಣೆಯ ಬಾಣಲೆಯಿಂದ ಕೊಡಿಸುವುದಕ್ಕಿಂತ, ಹಬ್ಬ ಜಾತ್ರೆಗಳಲ್ಲಿ ಒಂದೆರಡು ಸಲ ಮನೆಯಲ್ಲಿಯೇ ಮಾಡಿಕೊಡುವುದು ಮೇಲು.

ಗ್ರಾಮದ ಯಜಮಾನರಲ್ಲಿಯೂ ಭೂಮಾಲಿಕರಲ್ಲಿಯೂ ಒಂದು ವಿಜ್ಞಾಪನೆ. ಮುಂದಿನ ಜಾತ್ರೆಗೆ ಮುಂಚೆ ತಮ್ಮ ಗ್ರಾಮದ ಸ್ತ್ರೀಶಕ್ತಿ ಸಂಘದವರನ್ನು ಒಂದು ದಿನ ಸೇರಿಸಿ, ಉಪ್ಪುನೀರಿನ ಪರೀಕ್ಷೆಯನ್ನೂ ಎರಡು ಕರಿತಗಳ ಕ್ರಮವನ್ನೂ ಪ್ರತ್ಯಕ್ಷವಾಗಿ ಮಾಡಿ ತೋರಿಸಬೇಕು. ಸಂಘದವರು ಜಾತ್ರೆಯಲ್ಲಿ ಮಾರಲು ಇಚ್ಛಿಸಿದರೆ ಆಹಾರ ಸುರಕ್ಷತೆಯ ನೋಂದಣಿಯನ್ನು ಮೊದಲೇ ಪಡೆಯತಕ್ಕದ್ದು. ಆ ವೃದ್ಧ ರೈತರು ಮುಂದೊಂದು ದಿನ ಇಲಾಖೆಯ ಕಚೇರಿಗೆ ಬಂದು, ಬಕೀಟಿನ ತಳಕ್ಕೆ ಮುಳುಗಿದ ಗೆಡ್ಡೆಗಳನ್ನೇ ಆರಿಸಿ ಸೊಸೆಯು ಕರಿದಳೆಂದೂ, ಮೊಮ್ಮಗನು ಲೋಟದ ಮಾತನ್ನೇ ಎತ್ತಲಿಲ್ಲವೆಂದೂ ತಿಳಿಸಿದರು. ತೇಲಿದ ಗೆಡ್ಡೆಗಳು ಆ ರಾತ್ರಿ ಸಾರಿಗೆ ಬಿದ್ದುವಂತೆ. ಒಂದೂ ನಷ್ಟವಾಗಲಿಲ್ಲ.