ಕೋಡಿನಲ್ಲಿ ಅವಿತ ಬಾಕಿ ಕೆಲಸಕ್ಕೆ ಲೆಕ್ಕ ಇಡುವವರಾರು?

ತಂತ್ರಾಂಶ ಬರೆಯುವವರಲ್ಲಿ ಒಂದು ಹಳೆಯ ರೂಢಿಯಿದೆ. ಸದ್ಯಕ್ಕೆ ಮಾಡಲಾಗದ ಕೆಲಸವನ್ನು ಕೋಡಿನ ನಡುವೆಯೇ ಟಿಪ್ಪಣಿಯಾಗಿ ಬರೆದಿಡುವುದು. 'ಟುಡು' ಎಂದರೆ ಮಾಡಬೇಕಾದದ್ದು, 'ಫಿಕ್ಸ್‌ಮಿ' ಎಂದರೆ ಸರಿಪಡಿಸಬೇಕಾದದ್ದು. ಗಣಕವು ಈ ಸಾಲುಗಳನ್ನು ಲೆಕ್ಕಿಸುವುದಿಲ್ಲ. ಅವು ಇರುವುದು ಮನುಷ್ಯರಿಗಾಗಿ. ಆದರೆ ಮನುಷ್ಯರೂ ಅವುಗಳತ್ತ ಮರಳಿ ನೋಡುವುದು ಅಪರೂಪ.

ವಿದ್ಯುತ್ ಬಿಲ್ ಸಿದ್ಧಪಡಿಸುವ ತಂತ್ರಾಂಶವೊಂದನ್ನು ಊಹಿಸಿಕೊಳ್ಳಿ. 'ಟುಡು: ಮೀಟರ್ ಬದಲಾಗಿ ರೀಡಿಂಗ್ ಹಿಂದಿನದಕ್ಕಿಂತ ಕಡಿಮೆ ಬಂದರೆ ಪರಿಶೀಲಿಸಬೇಕು' ಎಂದು ಬರೆದಾತ ಬೇರೆ ಕೆಲಸಕ್ಕೆ ಹೋಗುತ್ತಾನೆ. ಮುಂದೊಂದು ದಿನ ಮೀಟರ್ ಬದಲಾದ ಮನೆಗೆ ತಪ್ಪು ಬಿಲ್ ಬರುತ್ತದೆ. ಎಚ್ಚರಿಕೆ ಮೊದಲಿನಿಂದಲೂ ಕೋಡಿನಲ್ಲಿತ್ತು. ಅದರ ಹೊಣೆ ಮಾತ್ರ ಯಾರ ಮೇಲೂ ಇರಲಿಲ್ಲ.

ಇಂತಹ ಮುಂದೂಡಿಕೆಯನ್ನು ಅಮೆರಿಕದ ತಂತ್ರಜ್ಞ ವಾರ್ಡ್ ಕನ್ನಿಂಗ್‌ಹ್ಯಾಮ್ 1992ರಲ್ಲಿ ಸಾಲಕ್ಕೆ ಹೋಲಿಸಿದರು. ತೀರಿಸುವವರೆಗೂ ಅದರ ಬಡ್ಡಿ ಬೆಳೆಯುತ್ತದೆ. 2014ರಲ್ಲಿ ಅನಿಕೇತ್ ಪೋತ್ದಾರ್ ಮತ್ತು ಇಮಾದ್ ಶಿಹಾಬ್ ನಾಲ್ಕು ದೊಡ್ಡ ಮುಕ್ತ ತಂತ್ರಾಂಶಗಳನ್ನು ಪರಿಶೀಲಿಸಿ, ಬರೆದವರೇ ಟಿಪ್ಪಣಿಯಲ್ಲಿ ಒಪ್ಪಿಕೊಂಡ ಇಂತಹ ಸಾಲವು ಶೇ. 2.4ರಿಂದ ಶೇ. 31ರಷ್ಟು ಕಡತಗಳಲ್ಲಿದೆ ಎಂದು ತೋರಿಸಿದರು.

ಯಂತ್ರ ಮಾಡುವುದೇನು?

ಈ ಟಿಪ್ಪಣಿಗಳನ್ನು ತಾನಾಗಿಯೇ ಕೆಲಸದ ಪಟ್ಟಿಗೆ ಸೇರಿಸುವ ಸಾಧನಗಳು ಈಗ ಬಳಕೆಯಲ್ಲಿವೆ. ಗಿಟ್‌ಹಬ್‌ನ 'ಆಕ್ಷನ್ಸ್' ಸೌಲಭ್ಯ 2019ರಲ್ಲಿ ಎಲ್ಲರಿಗೂ ದೊರೆತ ನಂತರ ಇವುಗಳ ಅಳವಡಿಕೆ ಸುಲಭವಾಯಿತು. ಹೊಸ ಕೋಡ್ ಸೇರಿದಾಗಲೆಲ್ಲ ಸಾಧನವು ಹಳೆಯದಕ್ಕೂ ಹೊಸದಕ್ಕೂ ಇರುವ ವ್ಯತ್ಯಾಸವನ್ನು ಓದುತ್ತದೆ. ಸೇರಿಸಿದ ಸಾಲುಗಳಲ್ಲಿ 'ಟುಡು' ಕಂಡರೆ ಕಡತದ ಹೆಸರು, ಸಾಲಿನ ಸಂಖ್ಯೆಗಳೊಡನೆ ಒಂದು ಕೆಲಸವನ್ನು ನೋಂದಾಯಿಸುತ್ತದೆ. ಮುಂದೆ ಆ ಟಿಪ್ಪಣಿಯನ್ನು ಅಳಿಸಿದಾಗ ಕೆಲಸ ಮುಗಿಯಿತೆಂದು ಭಾವಿಸಿ ಅದನ್ನು ಮುಚ್ಚುತ್ತದೆ.

ತೊಡಕುಗಳು

ಕೋಡನ್ನು ಒಂದು ಕಡತದಿಂದ ಇನ್ನೊಂದಕ್ಕೆ ಸಾಗಿಸಿದರೆ, ಯಂತ್ರದ ಕಣ್ಣಿಗೆ ಹಳೆಯ ಟಿಪ್ಪಣಿ ಅಳಿದು ಹೊಸದೊಂದು ಹುಟ್ಟಿದಂತೆ ಕಾಣಬಹುದು. ಆಗ ಮುಗಿಯದ ಕೆಲಸ ಮುಚ್ಚಿಹೋಗಿ, ಅದೇ ಕೆಲಸ ಬೇರೆ ಸಂಖ್ಯೆಯಲ್ಲಿ ಮರುಹುಟ್ಟು ಪಡೆಯುತ್ತದೆ. ನಡುವೆ ನಡೆದ ಚರ್ಚೆ ಹಿಂದುಳಿಯುತ್ತದೆ. ಇದಕ್ಕೆ ಪರಿಹಾರವಾಗಿ ಕೆಲವು ಸಾಧನಗಳು ನೋಂದಣಿ ಸಂಖ್ಯೆಯನ್ನು ಟಿಪ್ಪಣಿಯ ಪಕ್ಕದಲ್ಲಿಯೇ ಬರೆದುಬಿಡುತ್ತವೆ. ಟಿಪ್ಪಣಿ ಎಲ್ಲಿಗೆ ಹೋದರೂ ಸಂಖ್ಯೆ ಜೊತೆಯಲ್ಲಿರುತ್ತದೆ.

ಇನ್ನೊಂದು ತೊಡಕು ಮನುಷ್ಯ ಸ್ವಭಾವದ್ದು. ಹಳೆಯ ಕೋಡಿನ ಟಿಪ್ಪಣಿಗಳೆಲ್ಲವನ್ನೂ ಒಮ್ಮೆಲೇ ನೋಂದಾಯಿಸಿದರೆ ಪಟ್ಟಿ ನೂರಾರು ಸಾಲುಗಳಿಗೆ ಉಬ್ಬುತ್ತದೆ. ಓದಲಾಗದಷ್ಟು ಉದ್ದದ ಪಟ್ಟಿಯನ್ನು ಯಾರೂ ಓದುವುದಿಲ್ಲ. ಮೊದಲು ಕೋಡಿನಲ್ಲಿ ಮರೆತದ್ದನ್ನು ನಂತರ ಪಟ್ಟಿಯಲ್ಲಿ ಮರೆತಂತಾಗುತ್ತದೆ. ಆದ್ದರಿಂದ ಹೊಸ ಟಿಪ್ಪಣಿಗಳಿಂದ ಆರಂಭಿಸಿ, ಹಳೆಯವನ್ನು ಒಂದೊಂದಾಗಿ ಪರಿಶೀಲಿಸುವುದು ಒಳಿತು. ಬೇಡವಾದದ್ದನ್ನು ಧೈರ್ಯವಾಗಿ ಅಳಿಸಬೇಕು. ಬೇಕಾದದ್ದಕ್ಕೆ ಒಬ್ಬರ ಹೆಸರನ್ನೂ ಒಂದು ಗಡುವನ್ನೂ ಸೇರಿಸಬೇಕು.

ಬಾಕಿ ಕೆಲಸಕ್ಕೆ ಸಂಖ್ಯೆ ಕೊಡುವುದು ಯಂತ್ರಕ್ಕೆ ಸಾಧ್ಯ. ಅದು ನನ್ನ ಕೆಲಸವೆಂದು ಒಪ್ಪಿಕೊಳ್ಳುವುದು ಮನುಷ್ಯನಿಗೆ ಮಾತ್ರ ಸಾಧ್ಯ. ತಪ್ಪು ಬಿಲ್ ಹಿಡಿದು ಸರದಿಯಲ್ಲಿ ನಿಲ್ಲುವ ಗ್ರಾಹಕನಿಗೆ ಇವೆರಡೂ ಬೇಕು.