ಗಾಳಿಗೆ ಒರಗುವ ಬೈಕು

ಅಕ್ಕನ ಮಗಳು ಹಾಸನದಿಂದ ದೆಹಲಿಗೆ ಬಂದು ಮೂರು ವರ್ಷವಾಯಿತು. ಮಯೂರ್ ವಿಹಾರ್ ಫೇಸ್ ಒಂದರಲ್ಲಿ ನಮ್ಮ ಜೊತೆಗೇ ಇದ್ದಾಳೆ. ಚಿಲ್ಲಾ ಗಡಿ ದಾಟಿ ನೋಯ್ಡಾದ ಆಫೀಸಿಗೆ ದಿನಾ ಬೈಕಿನಲ್ಲಿ ಹೋಗಿಬರುತ್ತಾಳೆ. ಎಂಜಿನ್ನು, ಚೌಕಟ್ಟು, ಕೊಳವೆ ಎಲ್ಲವೂ ಕಣ್ಣಿಗೆ ಕಾಣುವ, ಅಗಲ ಹ್ಯಾಂಡಲಿನ ಬೈಕು. ಇಂಥದ್ದಕ್ಕೆ ಈಗ 'ನೇಕೆಡ್' ಎನ್ನುತ್ತಾರೆ. ಡಿಸೆಂಬರಿನ ಒಂದು ರಾತ್ರಿ ಊಟಕ್ಕೆ ಕೂತಾಗ, "ಚಿಕ್ಕಮ್ಮ, ಇದನ್ನ ಎಕ್ಸ್‌ಚೇಂಜಿಗೆ ಕೊಟ್ಟು ಸ್ಪೋರ್ಟ್ ಬೈಕ್ ತಗೊಳ್ಳಲಾ?" ಎಂದು ಕೇಳಿದಳು.

ಬೇಡ ಎನ್ನುವುದು ಸುಲಭ. ಆದರೆ ಬದುಕಿಡೀ ಮಕ್ಕಳಿಗೆ ಭೌತಶಾಸ್ತ್ರ ಹೇಳಿಕೊಟ್ಟವಳು ಕಾರಣ ಕೊಡದೆ ಬೇಡ ಎನ್ನುವುದು ಹೇಗೆ? ತಟ್ಟೆ ಎತ್ತಿಟ್ಟು, ಕಾಗದ ಪೆನ್ನು ತರಿಸಿದೆ.

ನನ್ನ ಕಾಲದಲ್ಲಿ ಈ ಪ್ರಶ್ನೆಯೇ ಇರಲಿಲ್ಲ. ಹಾಸನದಲ್ಲಿ ಅಪ್ಪನ ಹಿಂದೆ ಕೂತು ಓಡಾಡಿದ್ದು ಯೆಜ್ಡಿಯಲ್ಲಿ. ಅದನ್ನು ತಯಾರಿಸಿದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ 1996ರವರೆಗೆ ಹೊರಗೆ ಕಳಿಸಿದ ಬೈಕುಗಳೆಲ್ಲ ಈಗಿನ ಲೆಕ್ಕದಲ್ಲಿ ನೇಕೆಡ್ ಬೈಕುಗಳೇ. ಆಗ ಯಾರೂ ಹಾಗೆ ಕರೆಯುತ್ತಿರಲಿಲ್ಲ. ಮುಂದೆ ಗಾಳಿ ಸೀಳುವ ಕವಚ ತೊಟ್ಟ ಸ್ಪೋರ್ಟ್ ಬೈಕುಗಳು ರಸ್ತೆಗೆ ಬಂದ ಮೇಲಷ್ಟೇ ತೊಡದೆ ಉಳಿದವಕ್ಕೆ ಬೇರೆ ಹೆಸರು ಬೇಕಾಯಿತು.

ಕವಚದಿಂದ ಏನಾಗುತ್ತದೆ ಎಂದು ತಿಳಿಯಬೇಕಾದರೆ ಉಳಿದದ್ದೆಲ್ಲ ಒಂದೇ ಆಗಿರುವ ಎರಡು ಬೈಕು ಸಿಗಬೇಕು. ಅಂಥ ಜೋಡಿ ಮಾರುಕಟ್ಟೆಯಲ್ಲೇ ಇದೆ. ಯಮಾಹಾದ ಆರ್15 ಸ್ಪೋರ್ಟ್ ಬೈಕು 2008ರಲ್ಲಿ ಭಾರತಕ್ಕೆ ಬಂತು, ಅದರ ನೇಕೆಡ್ ತಂಗಿ ಎಂಟಿ-15 ಬಂದದ್ದು 2019ರಲ್ಲಿ. ಈಗಿನ ಎರಡರಲ್ಲೂ ಅದೇ 155 ಸಿಸಿ ಎಂಜಿನ್, ಅದೇ 18.4 ಪಿಎಸ್ ಶಕ್ತಿ. ತೂಕವೂ ಎರಡಕ್ಕೂ 140 ಕೆ.ಜಿ. ಆಸುಪಾಸು. ಬದಲಾಗುವುದು ಮುಖ್ಯವಾಗಿ ಎರಡೇ: ಮುಂದಿನ ಕವಚ ಮತ್ತು ಸವಾರ ಕೂರುವ ಭಂಗಿ. ಆದರೂ ಪೂರ್ತಿ ಆಕ್ಸಿಲರೇಟರ್ ಕೊಟ್ಟರೆ ಆರ್15 ಮುಂದೆ ಹೋಗುತ್ತದೆ. ಎಂಜಿನ್ ಹೆಚ್ಚೇನೂ ಕೊಡದಿರುವಾಗ ಈ ಹೆಚ್ಚಿನ ವೇಗ ಎಲ್ಲಿಂದ ಬಂತು?

ಗಾಳಿಯಿಂದ ಉಳಿಸಿದ್ದು ಅದು. ಓಡುವ ಬೈಕಿಗೆ ಗಾಳಿ ಒಡ್ಡುವ ತಡೆ ಮೂರು ಸಂಗತಿಗಳ ಮೇಲೆ ನಿಂತಿದೆ: ಗಾಳಿಯ ಸಾಂದ್ರತೆ, ಎದುರಿಗೆ ಒಡ್ಡಿದ ಮೈಯ ವಿಸ್ತೀರ್ಣ ಮತ್ತು ಆಕಾರ, ವೇಗದ ವರ್ಗ. ನೆಟ್ಟಗೆ ಕೂತ ಸವಾರನೂ ಸೇರಿ ನೇಕೆಡ್ ಬೈಕಿಗೆ ವಿಸ್ತೀರ್ಣ ಮತ್ತು ಆಕಾರದ ಗುಣಲಬ್ಧ ಸುಮಾರು 0.6 ಚದರ ಮೀಟರ್ ಎಂದುಕೊಳ್ಳೋಣ. ಕವಚದ ಹಿಂದೆ ಬಾಗಿ ಕೂತರೆ ಅದು 0.4ಕ್ಕೆ ಇಳಿದೀತು. ಗಂಟೆಗೆ 60 ಕಿ.ಮೀ. ವೇಗದಲ್ಲಿ ನೇಕೆಡ್ ಬೈಕನ್ನು ಗಾಳಿ ಹಿಂದಕ್ಕೆ ತಳ್ಳುವ ಬಲ ಸುಮಾರು 100 ನ್ಯೂಟನ್, ಎಂದರೆ 10 ಕೆ.ಜಿ. ಅಕ್ಕಿ ಮೂಟೆಯ ಭಾರ. ಕವಚವಿದ್ದರೆ ಆರೂವರೆ, ಏಳು ಕೆ.ಜಿ. 120 ಕಿ.ಮೀ.ಗೆ ಹೋದರೆ ವೇಗ ಎರಡು ಪಟ್ಟು, ತಡೆ ನಾಲ್ಕು ಪಟ್ಟು. ಆ ತಡೆಯನ್ನು ಎರಡು ಪಟ್ಟು ಬೇಗ ಮೀರುತ್ತ ಹೋಗಬೇಕಾದ್ದರಿಂದ ಬೇಕಾಗುವ ಶಕ್ತಿ ಎಂಟು ಪಟ್ಟು. 60ರಲ್ಲಿ ಗಾಳಿಗೆಂದು ನೇಕೆಡ್ ಬೈಕು ತೆರುವುದು ಸುಮಾರು 2.3 ಪಿಎಸ್, 120ರಲ್ಲಿ ಸುಮಾರು 18 ಪಿಎಸ್. ಎಂಜಿನ್ನಿನಲ್ಲಿ ಇರುವುದೇ ಅಷ್ಟು! ಕವಚವಿರುವ ಬೈಕಿಗೆ ಅದೇ ವೇಗದಲ್ಲಿ ಸುಮಾರು 12 ಸಾಕು. ಉಳಿದ ಆರು ಪಿಎಸ್‌ನಿಂದ ಅದು ಇನ್ನಷ್ಟು ಮುಂದೆ ಹೋಗುತ್ತದೆ.

ಕಾಗದದಲ್ಲಿ ಈ ಅಂಕಿ ಕಂಡು ಹುಡುಗಿಯ ಮುಖ ಅರಳಿತು. "ನೋಡಿದ್ಯಾ!" ಎಂದಳು. ಅದೇ ಸೂತ್ರಕ್ಕೆ 30 ಕಿ.ಮೀ. ಹಾಕು ಎಂದೆ. ನೇಕೆಡ್ ಬೈಕಿಗೆ ಎರಡೂವರೆ ಕೆ.ಜಿ. ತಡೆ, ಸ್ಪೋರ್ಟ್ ಬೈಕಿಗೆ ಒಂದೂಮುಕ್ಕಾಲು. ಶಕ್ತಿಯಲ್ಲಿ ವ್ಯತ್ಯಾಸ ಸುಮಾರು 70 ವಾಟ್. ಮನೆಯ ಸೀಲಿಂಗ್ ಫ್ಯಾನು ತಿನ್ನುವಷ್ಟು.

ಪೆಟ್ರೋಲು ಉಳಿಯುತ್ತದಲ್ಲ ಎಂದಳು. ಅದನ್ನೂ ಲೆಕ್ಕ ಹಾಕಿದೆವು. ಬೈಕು, ಅವಳು, ಚೀಲ ಸೇರಿ 205 ಕೆ.ಜಿ. 50 ಕಿ.ಮೀ. ವೇಗ ಹಿಡಿದಾಗ ಆ ತೂಕದಲ್ಲಿ ಸುಮಾರು 20 ಕಿಲೋಜೂಲ್ ಚಲನ ಶಕ್ತಿ ಕೂಡಿರುತ್ತದೆ. ಕೆಂಪು ದೀಪ ಕಂಡು ಬ್ರೇಕ್ ಒತ್ತಿದರೆ ಅದಷ್ಟೂ ಬ್ರೇಕಿನಲ್ಲಿ ಬಿಸಿಯಾಗಿ ಹೋಗುತ್ತದೆ. ಅದೇ 50ರಲ್ಲಿ ನಿಲ್ಲದೆ ಓಡುತ್ತಿದ್ದರೆ, 20 ಕಿಲೋಜೂಲ್ ಉಳಿಸಲು ಕವಚಕ್ಕೆ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ದಾರಿ ಬೇಕು. ಅವಳ ದಾರಿಯಲ್ಲಿ ಅಷ್ಟು ದೂರ ಸಿಗ್ನಲ್ಲೋ ಆಟೋವೋ ಅಡ್ಡ ಬರದೆ ಸಾಗಿದ ದಿನ ಅಪರೂಪ. ಒಂದು ಕಿಲೋಮೀಟರ್ ಉದ್ದಕ್ಕೂ ಕವಚ ಕೂಡಿಟ್ಟದ್ದನ್ನು ಒಂದು ಸಿಗ್ನಲ್ ನುಂಗಿಬಿಡುತ್ತದೆ.

ಇಷ್ಟು ಗೊತ್ತಿದ್ದವರು ಅನೇಕರಿದ್ದಾರೆ. ನನಗೆ ಹೆಚ್ಚು ಮುಖ್ಯ ಎನಿಸುವುದು ಅಂಗಡಿಯಲ್ಲಿ ಯಾರೂ ಹೇಳದ ಇನ್ನೊಂದು ಮಾತು. ಸ್ಪೋರ್ಟ್ ಬೈಕಿನ ಮೇಲೆ ಕೂತವರ ಭಾರ ಹೊರುವುದು ಸೀಟು, ಕಾಲಿಡುವ ಪೆಗ್ಗು, ಹ್ಯಾಂಡಲು ಎಂದು ನಾವು ಎಣಿಸುತ್ತೇವೆ. ಗಾಳಿಯೂ ಅಲ್ಲಿ ಒಂದು ಆಸರೆ. ಎದುರಿನಿಂದ ಜೋರಾಗಿ ಗಾಳಿ ಬಂದಾಗಲೇ ಆ ಭಂಗಿ ಹಗುರವಾಗುವುದು.

ಸೊಂಟವನ್ನು ಒಂದು ಕೀಲು ಎಂದುಕೊಳ್ಳಿ. ಅದರ ಮೇಲಿನ ತಲೆ, ತೋಳು, ಮುಂಡ ಸೇರಿದರೆ ನಮ್ಮ ತೂಕದ ಮೂರರಲ್ಲಿ ಎರಡು ಪಾಲು. 70 ಕೆ.ಜಿ. ಮನುಷ್ಯನಲ್ಲಿ ಅದು 47 ಕೆ.ಜಿ. ಆಗುತ್ತದೆ. ನೇಕೆಡ್ ಬೈಕಿನಲ್ಲಿ ಮುಂಡ ಸುಮಾರು 15 ಡಿಗ್ರಿ ಮುಂದಕ್ಕೆ ವಾಲಿರುತ್ತದೆ. ಭಾರದ ಹೆಚ್ಚು ಪಾಲು ನೇರವಾಗಿ ಸೀಟಿಗೇ ಇಳಿಯುತ್ತದೆ. ಬೆನ್ನಿನ ಸ್ನಾಯು ಪೂರಾ ಸಡಿಲ ಬಿಟ್ಟರೂ ಎರಡು ಕೈಗಳ ಮೇಲೆ ಬೀಳುವುದು ಒಟ್ಟು ಆರು ಕೆ.ಜಿ.ಯಷ್ಟು. ಸ್ಪೋರ್ಟ್ ಬೈಕಿನಲ್ಲಿ ಹ್ಯಾಂಡಲು ತಗ್ಗಿನಲ್ಲಿದೆ, ಪೆಗ್ಗು ಹಿಂದಕ್ಕೆ ಸರಿದಿದೆ. ಮುಂಡ 40 ಡಿಗ್ರಿ ವಾಲುತ್ತದೆ. ಆಗ ಕೈಗಳಿಗೆ ಬೀಳುವ ಪಾಲು 14 ಕೆ.ಜಿ. ಹತ್ತಿರ. ಇದು ನನ್ನ ಒರಟು ಲೆಕ್ಕ, ಆಳಿಗೆ ತಕ್ಕಂತೆ ಹೆಚ್ಚುಕಡಿಮೆ ಆದೀತು. ಬೆನ್ನು, ಹೊಟ್ಟೆ, ತೊಡೆಗಳ ಸ್ನಾಯು ಬಿಗಿಹಿಡಿದರೆ ಈ ಭಾರ ಹಗುರಾಗುತ್ತದೆ, ಆದರೆ ಆಗ ದಣಿಯುವುದು ಅವೇ. ಜೊತೆಗೆ ಮುಂದೆ ನೋಡಲು ಕತ್ತನ್ನು ಮೇಲಕ್ಕೆತ್ತಿಯೇ ಇರಬೇಕು, ಹೆಲ್ಮೆಟ್ಟಿನ ಭಾರ ಬೇರೆ.

ಈಗ ಗಾಳಿಯನ್ನು ಕರೆಯೋಣ. ಎದೆಗೆ ಬಡಿಯುವ ಗಾಳಿ ಮುಂಡವನ್ನು ಹಿಂದಕ್ಕೆ, ಮೇಲಕ್ಕೆ ತಳ್ಳುತ್ತದೆ. ಮುಂದಕ್ಕೆ ಬೀಳುವ ಭಾರವನ್ನು ಅದು ಸೊಂಟದ ಕೀಲಿನ ಸುತ್ತ ಎದುರು ದಿಕ್ಕಿಗೆ ತಳ್ಳಿ ಸರಿತೂಗಿಸುತ್ತದೆ, ನಾವು ಚಿಕ್ಕಂದಿನಲ್ಲಿ ಆಡಿದ ಏರಿಳಿಯುವ ಹಲಗೆಯ ಹಾಗೆ. ಎದೆ ಪೂರ್ತಿ ತೆರೆದಿದ್ದರೆ, 60 ಕಿ.ಮೀ.ಯಲ್ಲಿ ಗಾಳಿ ಹೊತ್ತುಕೊಳ್ಳುವುದು ಆ ಭಾರದ ಐದರಲ್ಲಿ ಒಂದು ಪಾಲು. 120ರಲ್ಲಿ ಬಹುಪಾಲು. ವೇಗದ ವರ್ಗದ ಆಟ ಇಲ್ಲೂ ಅದೇ. ಕವಚ ಗಾಳಿಯನ್ನು ಎದೆಯಿಂದ ಆಚೆ ತಿರುಗಿಸುವುದರಿಂದ ನಿಜದಲ್ಲಿ ಸಿಗುವ ಆಸರೆ ಇದಕ್ಕಿಂತ ಕಡಿಮೆ. ಚಿಲ್ಲಾದ ಸಿಗ್ನಲ್ಲಿನಲ್ಲಿ ನಿಂತಾಗಲಂತೂ ಸೊನ್ನೆ. ನಿಂತ ಬೈಕಿನ ಮೇಲೆ ಮುಂದಕ್ಕೆ ಬಾಗಿ, 14 ಕೆ.ಜಿ.ಯನ್ನು ಎರಡು ಮಣಿಕಟ್ಟಿನಲ್ಲಿ ಹೊತ್ತು, ಬೆರಳಿನಲ್ಲಿ ಕ್ಲಚ್ಚನ್ನೂ ಹಿಡಿದಿರಬೇಕು. ಸ್ಪೋರ್ಟ್ ಬೈಕಿನ ಕೈನೋವಿಗೆ ಸವಾರನ ವಯಸ್ಸನ್ನೂ ಸೋಮಾರಿತನವನ್ನೂ ದೂರುವವರಿದ್ದಾರೆ. ಅದು ಸರಿಯಲ್ಲ. ಆ ಭಂಗಿಗೆ ಬೇಕಾದ ಗಾಳಿ ಆ ರಸ್ತೆಯಲ್ಲಿಲ್ಲ, ಅಷ್ಟೇ.

ಆ ಗಾಳಿ ಇರುವ ಜಾಗ ನಮ್ಮ ಮನೆಯಿಂದ ಬಹಳ ದೂರವೇನಲ್ಲ. ಗ್ರೇಟರ್ ನೋಯ್ಡಾದ ಬುದ್ಧ ಇಂಟರ್‌ನ್ಯಾಷನಲ್ ಸರ್ಕೀಟಿನಲ್ಲಿ ಒಂದು ಕಿಲೋಮೀಟರ್ ಮೀರಿದ ನೇರ ದಾರಿಯಿದೆ. 2023ರ ಸೆಪ್ಟೆಂಬರಿನಲ್ಲಿ ಅಲ್ಲಿ ಮೋಟೋ ಜಿಪಿ ಬೈಕ್ ಪಂದ್ಯ ನಡೆದು ಇಟಲಿಯ ಮಾರ್ಕೊ ಬೆಜ್ಜೆಕ್ಕಿ ಗೆದ್ದ. ಆ ಸ್ಪರ್ಧಿಗಳು ನೇರ ದಾರಿಯಲ್ಲಿ ಟ್ಯಾಂಕಿಗೆ ಗಲ್ಲ ತಾಗಿಸಿ ಮಲಗಿರುತ್ತಾರೆ. ತಿರುವು ಬಂದೊಡನೆ ಮುಂಡ ಎತ್ತಿ ಎದೆಯನ್ನು ಗಾಳಿಗೆ ಒಡ್ಡುತ್ತಾರೆ. ಮೈಯೇ ಅಲ್ಲಿ ಒಂದು ಬ್ರೇಕು. 300 ಕಿ.ಮೀ. ವೇಗದಲ್ಲಿ ಗಾಳಿಯ ಒತ್ತಡ 60ರಲ್ಲಿ ಇದ್ದುದರ 25 ಪಟ್ಟು, ಆದ್ದರಿಂದ ಬೈಕಿನ ಮುಂಭಾಗವನ್ನು ನೆಲಕ್ಕೆ ಒತ್ತಿಹಿಡಿಯುವ ಪುಟ್ಟ ರೆಕ್ಕೆಗಳೂ ಅಲ್ಲಿ ಕೆಲಸಕ್ಕೆ ಬರುತ್ತವೆ. ಆ ರೆಕ್ಕೆಗಳು ಈಗ ರಸ್ತೆಯ ಬೈಕಿಗೂ ಇಳಿದಿವೆ. ಗಡಿ ಊರು ಹೊಸೂರಿನಲ್ಲಿ ಕಾರ್ಖಾನೆಯಿರುವ ಟಿವಿಎಸ್ ಕಂಪನಿ 2024ರಲ್ಲಿ ತನ್ನ ಅಪಾಚೆ ಆರ್‌ಆರ್ 310ಕ್ಕೆ ಅವನ್ನು ಕೂರಿಸಿತು. ಅವು ಸುಮಾರು 3 ಕೆ.ಜಿ.ಯಷ್ಟು ಒತ್ತುತ್ತವೆ ಎಂದು ಕಂಪನಿಯ ಹೇಳಿಕೆ. ಅಂದವಾಗಿಯೇ ಇವೆ. ಆದರೆ ನಗರದ ವೇಗದಲ್ಲಿ ಅವಕ್ಕೆ ಕೆಲಸವಿಲ್ಲ.

ಕವಚ ಎಂದರೆ ಎಲ್ಲ ಲಾಭವೇ ಎಂದೂ ಅಲ್ಲ. ಇಟಲಿಯ ಮೋಟೋ ಗುಜ್ಜಿ ಕಂಪನಿ 1950ರಲ್ಲೇ ಮಾಂಡೆಲ್ಲೊದಲ್ಲಿ ಬೈಕುಗಳಿಗಾಗಿ ಗಾಳಿ ಸುರಂಗ ಕಟ್ಟಿತ್ತು. ಮುಂದಿನ ಚಕ್ರವನ್ನೂ ಮುಚ್ಚುವ, ಡಬ್ಬದಂಥ ಕವಚಗಳು ಆ ದಶಕದ ಪಂದ್ಯಗಳನ್ನು ಆಳಿದವು. ಎದುರುಗಾಳಿಯನ್ನು ಚೆನ್ನಾಗಿ ಸೀಳುತ್ತಿದ್ದ ಅವು ಅಡ್ಡಗಾಳಿ ಬೀಸಿದರೆ ಹಾಯಿಯಂತೆ ಹಿಡಿದುಕೊಂಡು ಬೈಕನ್ನೇ ಪಕ್ಕಕ್ಕೆ ಎಳೆಯುತ್ತಿದ್ದವು. 1957ರ ಕೊನೆಗೆ ಅಂತರರಾಷ್ಟ್ರೀಯ ಮೋಟಾರ್‌ಸೈಕಲ್ ಒಕ್ಕೂಟ ಅವನ್ನು ನಿಷೇಧಿಸಿತು. ಈಗಿನ ಕವಚಗಳಲ್ಲಿ ಮುಂದಿನ ಚಕ್ರ ತೆರೆದಿರುವುದರ ಹಿಂದೆ ಈ ಕತೆಯಿದೆ. ಯಮುನೆಯ ಸೇತುವೆಗಳ ಮೇಲೆ ಮೇ ತಿಂಗಳ ಆಂಧಿ, ಎಂದರೆ ಧೂಳಿನ ಬಿರುಗಾಳಿ, ಬೀಸುವಾಗ ಕವಚದ ಬೈಕು ಓಡಿಸಿದವರಿಗೆ ಇದು ಬೇಗ ಅರ್ಥವಾಗುತ್ತದೆ.

ಇನ್ನು ದೆಹಲಿಯ ಹವೆ. ಇದರಲ್ಲಿ ಎರಡೂ ಬೈಕುಗಳಿಗೆ ಒಂದೊಂದು ಗೆಲುವಿದೆ.

ಬೇಸಿಗೆ ನೇಕೆಡ್ ಬೈಕಿನದು. ಪೆಟ್ರೋಲಿನ ಶಕ್ತಿಯಲ್ಲಿ ಚಕ್ರ ತಲುಪುವುದು ಸುಮಾರು ಕಾಲು ಭಾಗ. ಉಳಿದದ್ದು ಬಿಸಿಯಾಗಿ ಹೊರಗೆ ಹೋಗಬೇಕು. ರೇಡಿಯೇಟರ್ ಎಷ್ಟು ಬಿಸಿ ಚೆಲ್ಲಬಲ್ಲದು ಎಂಬುದು ಒಳಗಿನ ನೀರಿಗೂ ಹೊರಗಿನ ಗಾಳಿಗೂ ಇರುವ ಅಂತರವನ್ನು ಅವಲಂಬಿಸಿದೆ. ನೀರು 90 ಡಿಗ್ರಿ, ಬೆಂಗಳೂರಿನ ಸಂಜೆಗಾಳಿ 20 ಡಿಗ್ರಿ ಇದ್ದರೆ ಅಂತರ 70. 2024ರ ಮೇ ಕೊನೆಯಲ್ಲಿ ದೆಹಲಿಯ ಸಫ್ದರ್‌ಜಂಗ್ ಹವಾಮಾನ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಯಿತು. ಅಂಥ ದಿನ ಅಂತರ 43ಕ್ಕೆ ಕುಸಿಯುತ್ತದೆ. ನಿಂತಲ್ಲಿ ಫ್ಯಾನು ತಿರುಗಿ ತಿರುಗಿ ಆ ಬಿಸಿಯನ್ನು ಹೊರಗೆ ಊದುತ್ತದೆ. ನೇಕೆಡ್ ಬೈಕಿನಲ್ಲಿ ಅದು ನಾಲ್ಕೂ ಕಡೆ ಚದುರಿಹೋಗುತ್ತದೆ. ಕವಚದೊಳಗೆ ಅದಕ್ಕೆ ಕೆಲವೇ ಕಿಂಡಿ, ಬಾಯಿ ತೆರೆಯುವುದು ಮೊಣಕಾಲಿನ ಹತ್ತಿರ.

ಚಳಿಗಾಲ ಸ್ಪೋರ್ಟ್ ಬೈಕಿನದು, ಇದನ್ನು ನಾನು ಮನಸಾರೆ ಒಪ್ಪುತ್ತೇನೆ. ಜನವರಿಯ ಬೆಳಿಗ್ಗೆ 7 ಡಿಗ್ರಿ ಇದ್ದಾಗ 60 ಕಿ.ಮೀ. ವೇಗದಲ್ಲಿ ಹೋದರೆ ಬರಿಮೈಗೆ ಅದು 1 ಡಿಗ್ರಿಯಂತೆ ಕೊರೆಯುತ್ತದೆ. ಚಳಿಗಾಲದ ಗಾಳಿ ಮೇ ತಿಂಗಳ ಗಾಳಿಗಿಂತ ಎಂಟನೇ ಒಂದು ಪಾಲಿನಷ್ಟು ಹೆಚ್ಚು ದಟ್ಟವೂ ಹೌದು, ತಡೆಯೂ ಅಷ್ಟೇ ಹೆಚ್ಚು. ಆ ಹೊತ್ತಿನಲ್ಲಿ ಎದೆಯ ಮುಂದೆ ಕವಚ, ಮೊಣಕಾಲಿನ ಬಳಿ ಬಿಸಿಗಾಳಿ ಎರಡೂ ವರ.

ಹ್ಯಾಂಡಲಿನ ವಿಷಯ ಚಿಕ್ಕದು, ಆದರೆ ಗಲ್ಲಿಯ ಬದುಕಿಗೆ ದೊಡ್ಡದು. ಅಗಲ ಹ್ಯಾಂಡಲು ಉದ್ದದ ಸನ್ನೆಕೋಲು, ಕಡಿಮೆ ಬಲಕ್ಕೆ ತಿರುಗುತ್ತದೆ. ಸ್ಪೋರ್ಟ್ ಬೈಕಿನ ಕ್ಲಿಪ್-ಆನ್ ಹ್ಯಾಂಡಲು ಗಿಡ್ಡ, ಹೆಚ್ಚು ತಿರುಗಿಸಿದರೆ ಟ್ಯಾಂಕಿಗೋ ಕವಚಕ್ಕೋ ತಾಗುತ್ತದೆಂದು ಅದರ ತಿರುವನ್ನು ಮೊದಲೇ ಕಡಿಮೆಗೆ ಕಟ್ಟಿಹಾಕಿರುತ್ತಾರೆ. ನಮ್ಮ ಬಡಾವಣೆಯಲ್ಲಿ ಎರಡೂ ಬದಿ ಕಾರು ನಿಲ್ಲಿಸಿದ ಗಲ್ಲಿಯಲ್ಲಿ ಯು ಟರ್ನ್ ಹೊಡೆಯುವವರಿಗೆ ಇದು ಗೊತ್ತು. ನಿಂತಲ್ಲೇ ಬೈಕು ವಾಲಿ ಬಿದ್ದರೆ ನೇಕೆಡ್ ಬೈಕಿನಲ್ಲಿ ಒಂದು ಲಿವರ್ ಬಾಗೀತು, ಸ್ಪೋರ್ಟ್ ಬೈಕಿನಲ್ಲಿ ಕವಚದ ಹಾಳೆಯೇ ಸೀಳುತ್ತದೆ.

ಹಾಗಾದರೆ ಹೇಗೆ ತೀರ್ಮಾನಿಸುವುದು? ಬೈಕು ಬದಲಿಸಬೇಕೆನ್ನುವ ಯಾರೇ ಆಗಲಿ, ಮೊದಲು ಒಂದು ವಾರ ಫೋನಿನಲ್ಲಿ ತಮ್ಮ ವೇಗ ದಾಖಲಿಸಲಿ. ಒಟ್ಟು ಸವಾರಿಯಲ್ಲಿ 70 ಕಿ.ಮೀ. ದಾಟಿದ ಹೊತ್ತು ಎಷ್ಟು ಎಂದು ನೋಡಲಿ. ಕೇಂದ್ರ ಸರ್ಕಾರದ 2018ರ ಅಧಿಸೂಚನೆ ನಗರದೊಳಗೆ ಬೈಕಿಗೆ ಗರಿಷ್ಠ 60, ಎಕ್ಸ್‌ಪ್ರೆಸ್‌ವೇಯಲ್ಲೂ 80 ಎಂದು ಮಿತಿ ಹಾಕಿತ್ತು. ಗಾಳಿ ನಿಜವಾಗಿ ಕೈಹಿಡಿಯಲು ತೊಡಗುವ ವೇಗಕ್ಕೆ ಬರುವ ಹೊತ್ತಿಗೆ ಕಾನೂನಿನ ಗೆರೆ ಎದುರಿಗೇ ನಿಂತಿರುತ್ತದೆ. ನಮ್ಮ ಹುಡುಗಿಯ ಐದು ದಿನದ ದಾಖಲೆಯಲ್ಲಿ 60 ದಾಟಿದ್ದೇ ದಿನಕ್ಕೆ ಎರಡು ಮೂರು ನಿಮಿಷ.

ಅಂಕಿಯನ್ನಷ್ಟೇ ನಂಬಬೇಡ, ಓಡಿಸಿ ನೋಡು ಎಂದೂ ಹೇಳಿದೆ. ಜನವರಿಯ ಒಂದು ಭಾನುವಾರ ಸಹೋದ್ಯೋಗಿಯ ಸ್ಪೋರ್ಟ್ ಬೈಕು ಕೇಳಿ ತಂದಳು. ಮಂಜು ಕರಗಿದ ಮೇಲೆ ಚಿಲ್ಲಾ ದಾಟಿ, ಎಕ್ಸ್‌ಪ್ರೆಸ್‌ವೇ ಹಿಡಿದು ಗ್ರೇಟರ್ ನೋಯ್ಡಾದ ಪರಿ ಚೌಕದವರೆಗೆ ಹೋಗಿ ಬಂದಳು. ಗ್ಲೌಸ್ ಕಳಚಿದಾಗ ಎರಡೂ ಅಂಗೈಯ ಬುಡ ಕೆಂಪಾಗಿತ್ತು, ಕಣ್ಣು ಮಾತ್ರ ಹೊಳೆಯುತ್ತಿತ್ತು.

"ಚಿಲ್ಲಾವರೆಗೆ ಕೈ ಸೋತೇ ಹೋಯ್ತು ಚಿಕ್ಕಮ್ಮ. ಎಪ್ಪತ್ತೈದು ದಾಟಿದ ಮೇಲೆ ಹಗುರ ಆಯ್ತು ನೋಡು, ಯಾರೋ ಎದೆಗೆ ಕೈಕೊಟ್ಟು ಹಿಡ್ಕೊಂಡ ಹಾಗೆ."

"ಎಷ್ಟು ಹೊತ್ತು ಹಿಡ್ಕೊಂಡಿತ್ತು?"

"ಪರಿ ಚೌಕ ಬರೋವರೆಗೆ."

ಸ್ವಲ್ಪ ಹೊತ್ತು ಸುಮ್ಮನಿದ್ದು ಕಾಫಿ ಕುಡಿದಳು. ಆ ವಾರ ತನ್ನ ಬೈಕಿನ ಹೆಡ್‌ಲೈಟಿನ ಮೇಲೆ ಒಂದು ಸಣ್ಣ ಗಾಳಿಗಾಜು ಹಾಕಿಸಿಕೊಂಡು ಬಂದಳು. ಅವಳ ಆಫೀಸು ಮುಂದಿನ ವರ್ಷ ಗ್ರೇಟರ್ ನೋಯ್ಡಾಗೆ ಹೋಗುವ ಮಾತಿದೆಯಂತೆ. ಲೆಕ್ಕ ಬರೆದ ಕಾಗದವನ್ನು ಮಡಿಸಿ ಆರ್‌ಸಿ, ವಿಮೆ ಇಡುವ ಪ್ಲಾಸ್ಟಿಕ್ ಚೀಲದಲ್ಲೇ ಇಟ್ಟುಕೊಂಡಿದ್ದಾಳೆ.